ಬಿಸಿಗಾಳಿಯ ಹರಿಗೋಲು

ಹುಲ್ಲಿನ ಮೇಲೆ ಮುದ್ದೆಯಾಗಿ ಬಿದ್ದಿದ್ದ ಕರಿಯ ಬಟ್ಟೆ ಮೊದಲು ಮೆಲ್ಲಗೆ ಉಸಿರೆಳೆದಂತೆ ಅಲುಗಿತು. ಆಮೇಲೆ ಎದ್ದು ಕೂತಿತು, ಎದ್ದು ನಿಂತಿತು, ನೋಡನೋಡುತ್ತ ನಡುಗಡ್ಡೆಯ ಬೇವಿನ ಮರಗಳಿಗಿಂತ ಎತ್ತರಕ್ಕೆ ಬೆಳೆಯಿತು. ಅದರಡಿ ಜೋತುಬಿದ್ದ ಬುಟ್ಟಿಯಲ್ಲಿ ದಿನ ತುಂಬಿದ ಬಸುರಿ ಶಾವಂತ್ರಿ ಕಾಲು ಚಾಚಿ ಕೂತಿದ್ದಳು. ಪಾದಗಳು ಬಾತು ಮಿನುಗುತ್ತಿದ್ದವು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಆಚೆ ದಡದ ಆಸ್ಪತ್ರೆಗೆ ಈಗಲೇ ಮುಟ್ಟದಿದ್ದರೆ ತಾಯಿಯೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಹೇಳಿಬಿಟ್ಟಿದ್ದಳು.

ಅವಳ ತಾತ, ಅಂಬಿಗರ ಮಾರೆಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಜನ್ಮವೆಲ್ಲ ಕೃಷ್ಣೆಯಲ್ಲಿ ಹರಿಗೋಲು ಹಾಕಿದವನು. ಆದರೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಹೊಳೆ ಮರಗಳನ್ನೇ ಉರುಳಿಸಿಕೊಂಡು ಹೋಗುತ್ತಿತ್ತು. ಇಂಥ ಹೊಳೆಗೆ ಹರಿಗೋಲು ಇಳಿಸುವುದು ಯಾರಿಂದಾದೀತು?

"ಇದು ಬರೇ ಮೂಟಿ ಹೊತ್ತೈತಿ ಇಷ್ಟು ದಿನ. ಮನುಷ್ಯಾರ್ನ ಹೊರತೈತೇನವ್ವಾ?" ಎಂದು ಕೇಳಿದ.

"ಹೊರತೈತಿ ತಾತ. ಮೂಟಿ ಗೊಣಗಾಡ್ತಿರಲಿಲ್ಲ ಅಷ್ಟೇ," ಎಂದಳು ಫರ್ಜಾನಾ. ಈ ಬಟ್ಟೆ ಕಂಡುಹಿಡಿದ ವಿಜ್ಞಾನಿ ಅವಳೇ. ದೇವದುರ್ಗದ ಕಡೆಯ ಹುಡುಗಿ. ಬಟ್ಟೆಯ ನೂಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿದ್ದವು. ಮೋಡ ಕವಿದ ದಿನವೂ ಅದು ಬಿಸಿಲಿನ ಕಾವು ಹೀರುತ್ತಿತ್ತು, ಹೀರಿದ ಕಾವನ್ನು ಹೊರಗೆ ಬಿಡುತ್ತಿರಲಿಲ್ಲ. ಏಳುವಾಗ ಒಂದು ಸಣ್ಣ ಉರಿ ಸಾಕು.

"ಗಾಳಿಗೂ ತೂಕ ಐತಿ ತಾತ. ಆಕಾಶದ ತನಕ ಒಂದರ ಮ್ಯಾಲೊಂದು ಪೇರಿಸಿದಂಗ ಕೂತೈತಿ. ಆ ಭಾರಕ್ಕ ಒತ್ತಡ ಅಂತೀವಿ. ಕೆಳಗ ಜಾಸ್ತಿ, ಮ್ಯಾಲೆ ಕಮ್ಮಿ. ಕಾದ ಗಾಳಿ ಹಿಗ್ಗಿ ಒಂದಿಷ್ಟು ಈ ಬಾಯಿಂದ ಹೊರಗ ಹೋಗತೈತಿ. ಒಳಗ ಉಳಿದಿದ್ದು ಹಗುರ. ಸುತ್ತಲಿನ ತಣ್ಣನ ಗಾಳಿ ಭಾರ, ಅದು ಕೆಳಗಿನಿಂದ ನೂಕತೈತಿ."

"ನೀರು ಹರಿಗೋಲನ್ನ ಎತ್ತಿ ಹಿಡಿದಂಗ."

"ಹೂಂ, ಅದೇ. ಒಂದು ಮಾತು ಮಾತ್ರ ನೆನಪಿಡು. ಆಚೆ ಮುಟ್ಟಿದ ಮ್ಯಾಲೆ ನಾ ಹೇಳೂತನಕ ಯಾರೂ ಇಳೀಬಾರದು."

ಮಾರೆಪ್ಪ ಹೂಂಗುಟ್ಟಿದ. ಮನಸ್ಸೆಲ್ಲ ಮೊಮ್ಮಗಳ ಪಾದದ ಮೇಲಿತ್ತು.

ನಡುಗಡ್ಡೆಯಿಂದ ದಡಕ್ಕೆ ಎಳೆದು ಕಟ್ಟಿದ ತಂತಿಗೆ ಉದ್ದನೆಯ ಹಗ್ಗದಿಂದ ಬುಟ್ಟಿಯನ್ನು ಕೊಂಡಿ ಹಾಕಿದ್ದರು. ಮಾರೆಪ್ಪನೂ ಫರ್ಜಾನಾಳೂ ಹತ್ತಿದರು, ಆಚೆಯ ಯಂತ್ರ ಬುಟ್ಟಿಯನ್ನು ತಂತಿಗುಂಟ ಎಳೆಯತೊಡಗಿತು. ಕಾಲಡಿ ಕೆಂಪು ನೀರು ಸುಳಿ ಸುತ್ತುತ್ತಿತ್ತು. ಮಾರೆಪ್ಪನ ಕೈ ಇಲ್ಲದ ಹುಟ್ಟಿಗಾಗಿ ಮತ್ತೆ ಮತ್ತೆ ತಡಕಾಡಿತು.

"ತಾತಾ, ಸುಮ್ಮನ ಕುಂದ್ರು. ನಿನ್ನ ನೋಡಿದ್ರ ನಾ ಇಲ್ಲೇ ಹಡೀತೀನಿ," ಎಂದಳು ಶಾವಂತ್ರಿ, ಹಲ್ಲು ಕಚ್ಚಿಕೊಂಡೇ.

ದಡ ಬಂತು, ಬುಟ್ಟಿ ನೆಲ ಮುಟ್ಟಿತು. ನರ್ಸಮ್ಮ ಓಡಿಬಂದಳು. ಹರಿಗೋಲಿನವರಲ್ಲಿ ಒಂದು ಕಟ್ಟಳೆ ಉಂಟು: ದಡ ಮುಟ್ಟಿದರೆ ಮೊದಲು ಬಸುರಿ, ಆಮೇಲೆ ಮಕ್ಕಳು, ಎಲ್ಲರಿಗಿಂತ ಕೊನೆಗೆ ಅಂಬಿಗ. ಮಾರೆಪ್ಪನ ತೋಳುಗಳು ತಾವಾಗಿಯೇ ಎದ್ದವು. ಫರ್ಜಾನಾ ಬಟ್ಟೆಯ ನೆತ್ತಿಯ ಕಿಂಡಿ ತೆರೆದು ಬಿಸಿಗಾಳಿ ಬಿಡುವ ಮೊದಲೇ ಅವನು ಮೊಮ್ಮಗಳನ್ನು ನರ್ಸಮ್ಮನ ತೋಳಿಗೆ ದಾಟಿಸಿಬಿಟ್ಟ.

"ತಾತಾ, ಬ್ಯಾಡ!" ಎಂದು ಫರ್ಜಾನಾ ಕೂಗಿದಳು.

ಒಂದು ಜೀವದ ಭಾರ ಕಳೆದುಕೊಂಡ ಬುಟ್ಟಿ ಬೆದರಿದ ಎತ್ತಿನಂತೆ ಮೇಲಕ್ಕೆ ನೆಗೆಯಿತು. ಹಗ್ಗ ಬಿಗಿದು ಜಗ್ಗುವ ಹೊತ್ತಿಗೆ ಊರು ಕೇರಿ ಎಲ್ಲ ಬೊಗಸೆಯಷ್ಟಾಗಿತ್ತು. ಮಾರೆಪ್ಪ ಬುಟ್ಟಿಯ ಅಂಚು ತಬ್ಬಿಕೊಂಡು ಕೆಳಗೆ ನೋಡಿದ. ಶಾವಂತ್ರಿಯನ್ನು ಮಲಗಿಸಿಕೊಂಡ ಗಾಡಿ ಆಸ್ಪತ್ರೆಯತ್ತ ಓಡುತ್ತಿತ್ತು. ಅಷ್ಟು ಸಾಕಾಯಿತು ಅವನಿಗೆ. ಆಗ ಕಂಡವು, ಹೊಳೆಯ ನಡುವೆ ನಿಂತ ಸೇತುವೆಯ ಕಂಬಗಳು. ಬರೀ ಕಂಬಗಳು. ಅವನು ಹುಡುಗನಿದ್ದಾಗ ಹಾಕಿದ್ದು.

ಫರ್ಜಾನಾಳೂ ಅತ್ತಲೇ ನೋಡುತ್ತಿದ್ದಳು. "ಈ ವರ್ಷ ಸೇತುವೆ ಕೆಲಸ ಮತ್ತ ಶುರು ಆಗಬೇಕಿತ್ತು ತಾತ. ಬಲೂನು ಹಾರತೈತಲ್ಲ, ಇನ್ನ ಸೇತುವೆ ಯಾಕ ಅಂದ್ರು ಮ್ಯಾಲಿನವರು."

"ಗಾಳಿ ಎದ್ದ ದಿನ ಇದು ಹಾರತೈತೇನು?"

"ಇಲ್ಲ."

"ಹೊಳಿ ತುಂಬಿದಾಗ ಗಾಳಿ ಇಲ್ಲದ ದಿನ ಎಷ್ಟು ನೋಡೀಯವ್ವಾ ನೀನು?"

ಅವಳು ಕಿಂಡಿಯ ಹಗ್ಗ ಜಗ್ಗಿದಳು. ಕಿಂಡಿ ತೆರೆಯಿತು, ಬಟ್ಟೆ ನಿಟ್ಟುಸಿರಿಟ್ಟು ಕೆಳಗಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಕೂಸು ಹುಟ್ಟಿದ ಸುದ್ದಿ ಬಂತು, ತಾಯಿಯೂ ಉಳಿದಿದ್ದಳು. ಅದರ ಹಿಂದೆಯೇ ಗಾಳಿ ಎದ್ದಿತು. ಶಾವಂತ್ರಿಯ ಅವ್ವ ಆಚೆ ನಡುಗಡ್ಡೆಯ ಅಂಚಿನಲ್ಲಿ ನಿಂತು ಸೆರಗು ಬೀಸುತ್ತಿದ್ದಳು. ಕೂಗಿದ್ದು ಇತ್ತ ಕೇಳಿಸುತ್ತಿರಲಿಲ್ಲ. ಕರಿಯ ಬಟ್ಟೆ ಹುಲ್ಲಿನ ಮೇಲೆ ಕಲ್ಲು ಹೇರಿಸಿಕೊಂಡು ಬಿದ್ದಿತ್ತು.

ಅಷ್ಟರಲ್ಲಿ ತಾಲ್ಲೂಕಿನ ಸಾಹೇಬರು ಬಂದರು. ಅವರ ತಲೆಯ ಮೇಲೊಂದು ಕ್ಯಾಮೆರಾ ಜೇನ್ನೊಣದಂತೆ ಗುಂಯ್‌ಗುಡುತ್ತಿತ್ತು.

"ಅಜ್ಜಾ, ನಿಮ್ಮ ಬವಣೆ ತೀರಿತು ಅಂತ ಎರಡು ಮಾತು ಹೇಳಿ. ಸ್ವಲ್ಪ ಈ ಕಡೆ ಸರೀರಿ. ಹಿಂದೆ ಆ ಕಂಬಗಳು ಕಾಣ್ತಾವೆ."

ಮುಂಜಾನೆಯಿಂದ ನಿಂತಲ್ಲಿ ನಿಲ್ಲದ ಮಾರೆಪ್ಪ ಈಗ ಕದಲಲಿಲ್ಲ.

"ಕಾಣ್ಲಿ ಸಾಹೇಬ್ರ. ಅವನ್ನ ಹಾಕಿದ ದಿನಾನೂ ನಾ ಇಲ್ಲೇ ನಿಂತಿದ್ದೆ. ಆಗಿನ್ನೂ ಮಂದಿ ಫೋನು ಕೈಯಾಗ ಹಿಡಕೊಂಡು ತಿರಗಾಡ್ತಿದ್ರು. ಎಲ್ಲಾರೂ ಫೋಟೋ ತಗೊಂಡ್ರು, ಮನಿಗೆ ಹೋದ್ರು."

ಅವನು ಹೊಳೆಗೆ ಬೆನ್ನು ಮಾಡಿ, ಕಂಬಗಳೆಲ್ಲ ಸರಿಯಾಗಿ ಕಾಣುವಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಫರ್ಜಾನಾ ಬಂದು ಅವನ ಮಗ್ಗುಲಲ್ಲಿ ನಿಂತಳು.

"ಈಗ ತಗೀರಿ," ಎಂದಳು.