ಇರುವೆ ಮುಟ್ಟದ ಬೆಲ್ಲ

ಗಾಣದ ಕಟ್ಟೆಯ ಮೇಲೆ ಎರಡು ಬೆಲ್ಲದ ಉಂಡೆಗಳಿದ್ದವು. ಎರಡರ ಬಣ್ಣ ಒಂದೇ, ಗಾತ್ರ ಒಂದೇ, ಮುರಿದರೆ ಒಳಗಿನ ಹರಳೂ ಒಂದೇ. ವಿಜ್ಞಾನಿ ಇಂದುಮತಿ ಜಮಖಂಡಿ ಎರಡರಿಂದಲೂ ಚೂರು ಮುರಿದು ಗಾಣದ ಒಡೆಯ ಶಿವಲಿಂಗಪ್ಪ ಮರೇಗುದ್ದಿಯ ಅಂಗೈಗೆ ಹಾಕಿ, ಯಾವುದು ಹಳೆಯ ಕಬ್ಬಿನದು, ಯಾವುದು ಹೊಸ ಕಬ್ಬಿನದು ಹೇಳಬೇಕೆಂದಳು. ಮಹಾಲಿಂಗಪುರದ ಸುತ್ತ ಬೆಲ್ಲದ ಪಾಕ ನೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಕಣ್ಣು ಮುಚ್ಚಿ ಎರಡನ್ನೂ ಚಪ್ಪರಿಸಿದ. ನೀರು ಕುಡಿದು ಇನ್ನೊಮ್ಮೆ ಚಪ್ಪರಿಸಿದ.

“ನನ್ನ ನಾಲಿಗಿ ಸೋತತ್ರಿ ಬಾಯಾರ” ಎಂದ.

ಉತ್ತರ ಹೇಳಿದ್ದು ಇರುವೆಗಳು. ಅರ್ಧ ಗಂಟೆಯೊಳಗೆ ಎಡಗಡೆಯ ಉಂಡೆ ಇರುವೆಗಳಿಂದ ಕಪ್ಪಾಗಿತ್ತು. ಬಲಗಡೆಯದನ್ನು ಒಂದೆರಡು ಇರುವೆಗಳು ಮುಟ್ಟಿ ನೋಡಿ, ಬಳಸಿಕೊಂಡು ಹೋದವು. ಅದು 2058ರ ಜನವರಿ. ಹಗುರ ಬೆಲ್ಲದ ಮೊದಲ ಕೊಪ್ಪರಿಗೆ ಇಳಿದ ದಿನ.

ಸಾಮಾನ್ಯ ಕಬ್ಬು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯನ್ನು ತನ್ನ ಜಲ್ಲೆಯಲ್ಲಿ ಕೂಡಿಡುತ್ತದೆ. ಇಂದುಮತಿ ಧಾರವಾಡದ ಪ್ರಯೋಗಾಲಯದಲ್ಲಿ ರೂಪಿಸಿದ ತಳಿ ಆ ಸಕ್ಕರೆಯ ಕಣಗಳನ್ನು ಒಂದಕ್ಕೊಂದು ಪೋಣಿಸಿ, ಮನುಷ್ಯನ ಕರುಳು ಅರಗಿಸಲಾರದ ನಾರನ್ನಾಗಿ ಮಾಡುತ್ತಿತ್ತು. ಸಿಹಿಗಾಗಿ ಅವಳು ಒಂದು ಕಾಡುಹಣ್ಣಿನ ಜೀನನ್ನು ಕಬ್ಬಿಗೆ ಸೇರಿಸಿದ್ದಳು. ಅದು ತಯಾರಿಸುವ ಪ್ರೋಟೀನು ಸಕ್ಕರೆಗಿಂತ ಸಾವಿರ ಪಾಲು ಸಿಹಿ, ಕುದಿಸಿದರೂ ಕೆಡುವುದಿಲ್ಲ. ಸಿಹಿಯನ್ನು ಗುರುತಿಸಲು ನಮ್ಮ ನಾಲಿಗೆಯಲ್ಲಿ ಬೀಗದಂಥ ಗ್ರಾಹಕಗಳಿವೆ. ಈ ಪ್ರೋಟೀನು ಆ ಬೀಗದ ಕಳ್ಳಕೀಲಿ. ಇರುವೆಯ ಬೀಗ ಬೇರೆ ಬಗೆಯದು. ಅದು ತೆರೆಯಲಿಲ್ಲ, ಅಷ್ಟೆ.

ಅದಕ್ಕೂ ಮೊದಲು ಪ್ರಯೋಗಾಲಯದಿಂದ ಜನರಿಗೆ ಹಂಚಿದ ಮಾದರಿ ಬೆಲ್ಲಕ್ಕೆ ತಿಳಿಹಸಿರು ಬಣ್ಣವಿತ್ತು. ಬೇರೆಯದೆಂದು ನೋಡಿದ ಕೂಡಲೇ ತಿಳಿಯಲಿ ಎಂದು ಇಂದುಮತಿಯೇ ಅದನ್ನು ಸೇರಿಸಿದ್ದಳು. ಜನ ಮುಟ್ಟಲಿಲ್ಲ. ಹಸಿರು ಬೆಲ್ಲ ಹಾಕಿ ಮದುವೆಯ ಹೋಳಿಗೆ ಮಾಡುವವರಾದರೂ ಯಾರು? ಆಗ ಊರಿಗೆ ಊರೇ ದಪ್ಪಗಾಗುತ್ತಿತ್ತು. ಶಾಲೆಗೆ ಹೋಗುವ ಮಕ್ಕಳ ಯಕೃತ್ತಿನಲ್ಲೂ ಕೊಬ್ಬು ಕಾಣಿಸತೊಡಗಿತ್ತು. ಒಳ್ಳೆಯ ವಸ್ತುವೊಂದು ಬರೀ ಬಣ್ಣದಿಂದಾಗಿ ಸೋಲಬಾರದೆಂದು ಅವಳೇ ಆ ಬಣ್ಣವನ್ನು ತೆಗೆದುಹಾಕಿದಳು.

ಮೊದಲ ಮೂರು ವರ್ಷ ಜನರ ತೂಕ ಇಳಿಯಿತು. ಬಿಸ್ಕತ್ತು, ಹಣ್ಣಿನ ರುಚಿಯ ಪಾನಕದ ಪೊಟ್ಟಣ, ಔಷಧಿಯ ಸಿರಪ್ಪು ಎಲ್ಲಕ್ಕೂ ಹಗುರ ಬೆಲ್ಲವೇ ಬಂತು. ಹಳೆಯ ಕಬ್ಬನ್ನು ಕೇಳುವವರಿಲ್ಲದೆ ರೈತರು ಅದನ್ನು ಕಿತ್ತು ಹಾಕಿದರು. ನಾಲ್ಕನೆಯ ವರ್ಷ ತೂಕ ನಿಂತಿತು, ಐದನೆಯ ವರ್ಷದಿಂದ ಮತ್ತೆ ಏರತೊಡಗಿತು. ವಿಜ್ಞಾನಿಗಳಲ್ಲಿ ಎರಡು ಪಂಗಡಗಳಾದವು. ಶಕ್ತಿ ಬರುತ್ತಿದೆ ಎಂದು ನಾಲಿಗೆ ದೇಹಕ್ಕೆ ಹೇಳುತ್ತದೆ, ಶಕ್ತಿ ಬರುವುದಿಲ್ಲ, ಆದ್ದರಿಂದಲೇ ಹಸಿವು ಹೆಚ್ಚುತ್ತದೆ ಎಂದು ಒಂದು ಪಂಗಡ ವಾದಿಸಿತು. ಬೆಲ್ಲದ ತಪ್ಪಿಲ್ಲ, ಧೈರ್ಯ ಬಂದ ಜನ ಉಳಿದದ್ದನ್ನು ಹೆಚ್ಚಾಗಿ ತಿನ್ನುತ್ತಿದ್ದಾರೆ ಎಂದಿತು ಇನ್ನೊಂದು. ಇಂದುಮತಿ ಎರಡನೆಯ ಪಂಗಡದ ಮುಂದಾಳು.

ಆ ವಾದಕ್ಕೆ ಬೇಕಾದ ಅಂಕಿಅಂಶ ಕೂಡಿಸಲೆಂದೇ ಅವಳು 2067ರ ಮೇ ತಿಂಗಳ ಒಂದು ಮಧ್ಯಾಹ್ನ ಶಿವಲಿಂಗಪ್ಪನ ಮನೆಗೆ ಬಂದಳು. ಬಿಸಿಲಿನಿಂದ ಬಂದವರಿಗೆ ಕೊಡುವಂತೆ ಅವನ ಹೆಂಡತಿ ನೀಲವ್ವ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಿಟ್ಟಳು.

“ಅಡಗಿಮನ್ಯಾಗ ಒಂದ ಇರುವಿ ಇಲ್ಲ ನೋಡ್ರಿ. ಎಲ್ಲಾ ನಿಮ್ಮ ಪುಣ್ಯಾ.”

“ಬೆಲ್ಲ ಹಗರ ಆತ್ರಿ. ನಮ್ಮಾಕಿ ಅಷ್ಟ ಆಗಲಿಲ್ಲ” ಎಂದ ಶಿವಲಿಂಗಪ್ಪ.

“ಇವರ ಹೊಟ್ಟಿ ಮೊದ್ಲ ಬಾಗಲಾ ದಾಟತೈತ್ರಿ, ಆಮ್ಯಾಲ ಇವರು ಬರ್ತಾರ.”

ನೀಲವ್ವನ ತೂಕ ತೊಂಬತ್ತೆರಡು ಕಿಲೋ. ನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ; ದಿನವೂ ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಇಂದುಮತಿ ಹಸಿವಿನ ಬಗ್ಗೆ ಕೇಳಿದಾಗ ಅವಳು ಸ್ವಲ್ಪ ಯೋಚಿಸಿ ಹೇಳಿದಳು: “ಮೊದ್ಲ ಎರಡ ರೊಟ್ಟಿ ಸಾಕಾಗ್ತಿತ್ರಿ. ಈಗ ಚಾ ಕುಡದ್ರೂ ಹಸಿವು, ಬೆಲ್ಲ ತಿಂದ್ರೂ ಹಸಿವು. ಹೊಟ್ಟಿ ಏನೋ ಹುಡುಕಿದಂಗ ಮಾಡತೈತಿ.”

ಇಂದುಮತಿ ಅದನ್ನು ಬರೆದುಕೊಳ್ಳಲಿಲ್ಲ. ಹಸಿವು ಅಭ್ಯಾಸದಿಂದ ಬರುವುದೆಂದು ವಿವರಿಸುತ್ತ, ಹೋಬಳಿಯ ತೂಕದ ಪಟ್ಟಿ ತೆರೆದು ಶಿವಲಿಂಗಪ್ಪನಿಗೆ ತೋರಿಸತೊಡಗಿದಳು. ಅವನು ಪಕ್ಕದ ಓಣಿಯವರ ಹೆಸರುಗಳನ್ನು ಹುಡುಕಿ ಹುಡುಕಿ ನೋಡಿದ. ಮಾತು ಒಂದು ಗಂಟೆ ನಡೆಯಿತು. ಒಳಗೆ ರೊಟ್ಟಿ, ಪಲ್ಯ, ಅನ್ನ ಎಲ್ಲವೂ ಸಿದ್ಧವಾಗಿದ್ದವು. ಚುಚ್ಚುಮದ್ದೂ ಆಗಿತ್ತು. ಆದರೆ ಮನೆಗೆ ಬಂದವರು ಉಣ್ಣುವ ಮೊದಲು ನೀಲವ್ವ ಎಂದೂ ಉಂಡವಳಲ್ಲ.

ಬೆವರುತ್ತ ಬಂದು ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೈ ನಡುಗತಾವ್ರಿ ಎಂದಳು. ರಕ್ತದ ಸಕ್ಕರೆ ಕುಸಿಯುತ್ತಿದೆ ಎಂದು ಇಂದುಮತಿಗೆ ಗೊತ್ತಾಯಿತು. ತಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದನ್ನೇ ಪಟ್ಟಿಯಿಂದ ಪೂರ್ತಿ ತಲೆ ಎತ್ತದೆ ಹೇಳಿದಳು.

“ಒಂದ ಚೂರ ಬೆಲ್ಲ ಬಾಯಾಗ ಹಾಕ್ಕೋರಿ. ಸರಿ ಹೋಗತೈತಿ.”

ನೀಲವ್ವ ಬೆಲ್ಲ ಬಾಯಿಗೆ ಹಾಕಿಕೊಂಡಳು. ಊರಿನ ದವಾಖಾನೆಯ ಗೋಡೆಯ ಮೇಲಿನ ಹಳೆಯ ಚಿತ್ರವೂ ಅದನ್ನೇ ಹೇಳುತ್ತಿತ್ತು. ಬಾಯಿ ತುಂಬ ಸಿಹಿಯಾಯಿತು. ಅವಳಿಗೆ ಧೈರ್ಯ ಬಂತು. ಗೋಡೆಗೊರಗಿ ಕುಳಿತು ಇನ್ನೊಂದು ಚೂರು ತಿಂದಳು, ಆಮೇಲೆ ಮತ್ತೊಂದು. ಇಪ್ಪತ್ತು ನಿಮಿಷದ ನಂತರ ಮಾತು ತೊದಲಿ ಅವಳು ಪಕ್ಕಕ್ಕೆ ವಾಲಿದಾಗ, ಶಿವಲಿಂಗಪ್ಪ ಪಾನಕದ ಪೊಟ್ಟಣ ತರಲು ಅಡಿಗೆಮನೆಗೆ ಓಡಿದ. ಹಿಂದೆಯೇ ಹೋದ ಇಂದುಮತಿ ಅಲ್ಲಿ ಬೆಲ್ಲದ ಡಬ್ಬಿಯನ್ನು ಕಂಡಳು. ಬೆಳಗಿನಿಂದ ಮುಚ್ಚಳವಿಲ್ಲದೆ ಇಟ್ಟ ಡಬ್ಬಿ. ಸುತ್ತ ಒಂದೂ ಇರುವೆ ಇರಲಿಲ್ಲ.

ಅವಳು ಪೊಟ್ಟಣವನ್ನು ಅವನ ಕೈಯಿಂದ ಕಿತ್ತುಕೊಂಡಳು. “ಇದರಾಗೂ ಸಕ್ಕರಿ ಇಲ್ಲ. ಅದರಾಗೂ ಇಲ್ಲ. ನಾನ ತೆಗದೀನಿ.”

ಹಾಲು ಹನಿಸಿ ನೋಡಿದರು. ಗಂಟಲಿಗೆ ಇಳಿಯಲಿಲ್ಲ. ಬೇರೊಂದು ಊರಿಗೆ ಹೋಗಿದ್ದ ಆಂಬುಲೆನ್ಸ್ ಬಂದು ಅವಳ ರಕ್ತನಾಳಕ್ಕೆ ಗ್ಲೂಕೋಸ್ ಹರಿಸುವ ಹೊತ್ತಿಗೆ ಮೂರು ತಾಸು ಕಳೆದಿದ್ದವು. ಮಿದುಳು ಮುಖ್ಯವಾಗಿ ಸಕ್ಕರೆಯಿಂದಲೇ ಬದುಕುವ ಅಂಗ. ಅಷ್ಟು ಹೊತ್ತು ಅದನ್ನು ಉಪವಾಸ ಕೆಡವಿದರೆ ಸತ್ತ ಭಾಗ ಮರಳಿ ಹುಟ್ಟುವುದಿಲ್ಲ. ನೀಲವ್ವ ಉಳಿದಳು. ಅವಳ ನೆನಪು ಉಳಿಯಲಿಲ್ಲ.

ಇಂದುಮತಿ ಸರ್ಕಾರದ ಸಮಿತಿಯ ಮುಂದೆ ತನ್ನ ತಪ್ಪನ್ನು ಒಪ್ಪಿಕೊಂಡು, ಹಸಿರು ಬಣ್ಣವನ್ನು ಮರಳಿ ತರಬೇಕೆಂದು ಕೇಳಿದಳು. ಅಂದು ಬರೆದುಕೊಳ್ಳದ ನೀಲವ್ವನ ಹಸಿವಿನ ಮಾತನ್ನೂ ನೆನಪಿನಿಂದ ಹೇಳಿದಳು. ಒಬ್ಬ ಹೆಣ್ಣುಮಗಳ ಅನಿಸಿಕೆಯನ್ನು ಪುರಾವೆಯೆಂದು ಪರಿಗಣಿಸಲಾಗದು ಎಂದಿತು ಸಮಿತಿ. ಎದುರಾಳಿಗಳಿಗೆ ಅವಳೇ ಎಷ್ಟೋ ಸಲ ಹೇಳಿದ್ದ ಮಾತು ಅದು. ಬಣ್ಣ ಬಂದರೆ ಮಾರಾಟ ಬೀಳುತ್ತದೆ ಎಂಬುದು ತಯಾರಕರ ಅಂಜಿಕೆ. ಮೂರು ಸಭೆಗಳಾದ ಮೇಲೆ, ಪೊಟ್ಟಣದ ಹಿಂಬದಿಯಲ್ಲಿ ಒಂದು ಸಾಲು ಎಚ್ಚರಿಕೆ ಮುದ್ರಿಸಿದರೆ ಸಾಕು ಎಂದು ತೀರ್ಮಾನವಾಯಿತು.

ಅದನ್ನು ಹೇಳಲು ಅವಳು ಮತ್ತೆ ಮಹಾಲಿಂಗಪುರಕ್ಕೆ ಹೋದಳು. ಗಾಣ ನಿಂತಿತ್ತು. ನೀಲವ್ವ ಹೊರಗೆ ಬಂದು, ನಗುತ್ತ, “ಊಟ ಆತೇನ್ರಿ?” ಎಂದು ಕೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅದನ್ನೇ ಕೇಳಿದಳು. ಮೂರನೆಯ ಸಲ ಇಂದುಮತಿ, “ನೀವು ಮೊದ್ಲ ಉಣ್ರಿ ಅಕ್ಕಾರ” ಎಂದಳು. ಹಂಗ ಹ್ಯಾಂಗ ಆಗತೈತ್ರಿ ಎಂದು ನೀಲವ್ವ ನಕ್ಕಳು.

ಶಿವಲಿಂಗಪ್ಪ ಸಮಿತಿಯ ತೀರ್ಮಾನವನ್ನು ಕೇಳಿಸಿಕೊಂಡ. ಆಮೇಲೆ ಎದ್ದು ಒಳಗಿನಿಂದ ಒಂದು ಹಳೆಯ ಬಿಸ್ಕತ್ತಿನ ಪೊಟ್ಟಣ ತಂದು ಅವಳ ಕೈಗಿತ್ತ. ಅಟ್ಟದ ಮೇಲೆ ಸಿಕ್ಕಿತಂತೆ. ಅವನ ತಾಯಿ ಅದರಲ್ಲಿ ಅವರೆ ಬೀಜ ಕಟ್ಟಿಟ್ಟಿದ್ದಳು. ತಯಾರಾದ ವರ್ಷ 2026. ಮುಂದೆ ದೊಡ್ಡ ಅಕ್ಷರಗಳಲ್ಲಿ ‘ಸಕ್ಕರೆ ಸೇರಿಸಿಲ್ಲ’ ಎಂದಿತ್ತು. ಹಿಂದೆ, ಮಡಿಕೆಯ ಹತ್ತಿರ, ಇರುವೆ ಸಾಲಿನಂಥ ಅಕ್ಷರಗಳು. ಇಂದುಮತಿ ಕನ್ನಡಕ ಸರಿಪಡಿಸಿಕೊಂಡು ಅವನ್ನು ಕೊನೆಯವರೆಗೂ ಓದಿದಳು. ಸಕ್ಕರೆಯ ಬದಲು ಏನೇನು ಹಾಕಿದ್ದರೋ ಎಲ್ಲವನ್ನೂ ಬರೆದಿದ್ದರು. ಯಾವುದನ್ನೂ ಮುಚ್ಚಿಟ್ಟಿರಲಿಲ್ಲ.

“ನಾನು ಆಗ ಎಂಟನೇ ಕ್ಲಾಸಿನ್ಯಾಗ ಇದ್ನಿರಿ, ಓದಾಕ ಬರ್ತಿತ್ತು” ಎಂದ ಶಿವಲಿಂಗಪ್ಪ. “ಅಕ್ಷರ ಸಣ್ಣ ಅದಾವ ಅಂತ ಬಿಟ್ವಿ.”