ಆರು ಶುಕ್ರವಾರದ ಹಾಲು

"ಕುಡೀಬೇಡಿ! ರೀ, ಆ ಹಾಲು ಕುಡೀಬೇಡಿ!"

ಬೇಲಿಯಾಚೆಯಿಂದ ಬಂದ ಕೂಗಿಗೆ ಅನುಸೂಯಳ ಕೈಯ ಚೊಂಬು ಅಲ್ಲಾಡಿತು. ಆಗತಾನೇ ಕರೆದ ನೊರೆಹಾಲು ಲಂಗದ ಮೇಲೆಲ್ಲ ಚೆಲ್ಲಿತು.

ಯಾರಿವನು! ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ, ಮೂಗಿನ ಮೇಲೆ ಜಾರುವ ಕನ್ನಡಕ, ಓಡಿ ಬಂದು ಏದುಸಿರು ಬೇರೆ.

"ನಮ್ಮನೆ ಹಸು, ನಮ್ಮನೆ ಹಾಲು. ನಿಮಗೇನ್ರೀ ಕಷ್ಟ?"

"ಹಸು ಮೈಮೇಲೆ ಉಣ್ಣೆ ಪುಡಿ ಹಚ್ಚಿದ್ದೀರ. ಬೆಳ್ಳಗೆ ಕಾಣ್ತಾ ಇದೆ. ಅದು ಒಳಗೆ ಹೋಗಿ ಹಾಲಲ್ಲಿ ಬರುತ್ತೆ."

"ನಿನ್ನೆ ಹಚ್ಚಿದ್ದು. ಉಣ್ಣೆ ಸಾಯೋ ಪುಡಿಗೆ ಮನುಷ್ಯರೂ ಸಾಯ್ತಾರಾ?"

"ಸಾಯಲ್ಲ. ಅದೇ ತೊಂದರೆ... ಒಳಗೇ ಉಳ್ಕೊಂಡ್ಬಿಡುತ್ತೆ."

ಆ ಮಾತಿಗೆ ಅವಳಿಗೆ ನಗು ಬಂತು. ಪಾಪದ ಹುಡುಗಿ! ಒಳಗೇ ಉಳಿದುಬಿಡುವುದು ಎಂದರೇನೆಂದು ಅವಳಿಗಾಗ ಗೊತ್ತಿರಲಿಲ್ಲ.

ಅದು ೧೯೭೩. ನಂದಗುಡಿಯ ಪಕ್ಕದ ಹಳ್ಳಿ. ಬಂದವನ ಹೆಸರು ಸಂಜೀವಪ್ಪ, ಆವತಿಯವನು. ಬೆಂಗಳೂರಿನ ಕಾಲೇಜೊಂದರಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ. ಹೊಲಕ್ಕೆ, ಕೊಟ್ಟಿಗೆಗೆ ಹಾಕುವ ವಿಷದ ಪುಡಿ ದನದ ಮೈಯೊಳಗೆ ಏನಾಗುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂಬುದು ಅವನ ಸಂಶೋಧನೆ. ಅನುಸೂಯಳ ತಂದೆ ಅಪ್ಪಯ್ಯಣ್ಣನನ್ನು ಒಪ್ಪಿಸಿ, ಅವರ 'ಕಂದಿ' ಹಸುವನ್ನೇ ಆರಿಸಿಕೊಂಡ. ನಲವತ್ತೆರಡು ದಿನ, ದಿನಕ್ಕೊಂದು ಸೀಸೆ ಹಾಲು. ತುಂಬಿಡುವ ಕೆಲಸ ಅನುಸೂಯಳದು.

"ಒಂದೇ ಒಂದು ದಿನ ತಪ್ಪಿದ್ರೂ ಅಷ್ಟೂ ಹಾಳು. ನಿಮ್ಮನ್ನೇ ನಂಬಿದ್ದೀನಿ," ಎಂದಿದ್ದ ಸಂಜೀವಪ್ಪ.

ನಿಮ್ಮನ್ನೇ ನಂಬಿದ್ದೀನಿ... ಹತ್ತೊಂಬತ್ತರ ಹುಡುಗಿಗೆ ಇನ್ನೇನು ಬೇಕು?

ದಿನಾ ಎಂಟು ಗಂಟೆಗೆ ಬರುತ್ತಿದ್ದ. ಸೀಸೆಗೆ ನಂಬರಿನ ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆಗೆ ಇಳಿಸಿ, ಐದು ನಿಮಿಷದ ಕೆಲಸಕ್ಕೆ ಒಂದು ಗಂಟೆ ನಿಲ್ಲುತ್ತಿದ್ದ.

"ಹಸು ಮೈ ವಿಷಾನ ಏನು ಮಾಡುತ್ತೆ?" ಎಂದು ಅವಳು ಒಮ್ಮೆ ಕೇಳಿದಳು.

"ಆದಷ್ಟನ್ನ ಮುರಿದು ಗಂಜಲದಲ್ಲಿ ಆಚೆಗೆ ಹಾಕುತ್ತೆ. ಆಗದೇ ಇದ್ದಿದ್ದನ್ನ ಕೊಬ್ಬಲ್ಲಿ ಬಚ್ಚಿಟ್ಕೊಳ್ಳುತ್ತೆ. ಆಮೇಲೆ ದಿನಾ ಒಂದಿಷ್ಟು ಹಾಲಲ್ಲಿ ಬಿಡುತ್ತೆ."

"ಅಯ್ಯೋ... ಕರು ಕುಡಿಯೋದ್ರಲ್ಲೇ?"

ಅವಳ ಕಣ್ಣು ತುಂಬಿದ್ದನ್ನು ನೋಡಿ ಸಂಜೀವಪ್ಪ ಪೆನ್ನು ಕೆಳಗಿಟ್ಟ. ಆವತ್ತು ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಆದರೆ ಮೊದಲ ವಾರವೇ ಒಂದು ಎಡವಟ್ಟಾಗಿತ್ತು. ಅದು ಶುಕ್ರವಾರ. ಸೀಸೆ ಹಿಡಿದು ಕೊಟ್ಟಿಗೆಗೆ ಹೊರಟ ಮಗಳನ್ನು ತಾಯಿ ಪಿಳ್ಳಮ್ಮ ಅಡ್ಡಗಟ್ಟಿದಳು.

"ಶುಕ್ರವಾರ ಹಾಲು ಆಚೆಗೆ ಕೊಡ್ತಾರೇನೇ? ಅದೂ ಈದಿರೋ ಹಸುದು! ಲಕ್ಷ್ಮೀನೇ ಎದ್ದು ಹೋಗ್ತಾಳೆ."

"ಅಮ್ಮಾ, ಅದು ಓದೋಕೆ..."

"ಓದೋರಿಗೆ ಶನಿವಾರ ಇಲ್ವಾ? ಹೋಗು ಒಳಕ್ಕೆ."

ಒಂದು ದಿನ ತಪ್ಪಿದರೂ ಅಷ್ಟೂ ಹಾಳು! ಅವನ ಬಾಡುವ ಮುಖ ನೆನೆದವಳೇ ಸೆರಗಿನಲ್ಲಿ ಸೀಸೆ ಮುಚ್ಚಿಕೊಂಡು ಬಸ್ ನಿಲ್ದಾಣದ ಗಂಗಣ್ಣನ ಹೋಟೆಲಿಗೆ ಓಡಿದಳು. ಹೋಟೆಲಿನವರಿಗೆ ಶುಕ್ರವಾರವಿಲ್ಲ. ಪಾವು ಹಾಲು ತುಂಬಿಸಿಕೊಂಡು ಬಂದಳು. ಹಾಲು ಹಾಲೇ ತಾನೇ!

ಹಾಗೆ ಆರು ಶುಕ್ರವಾರ.

ಕೊನೆಯ ದಿನ ಸೈಕಲ್ ಏರುವ ಮುನ್ನ ಸಂಜೀವಪ್ಪ ತಲೆ ತಗ್ಗಿಸಿ ಹೇಳಿದ. "ಡಿಗ್ರಿ ಬರಲಿ... ನಿಮ್ಮಪ್ಪನ್ನ ಒಂದು ಮಾತು ಕೇಳಬೇಕು."

ಎರಡು ತಿಂಗಳು ಅವಳು ಆ ಒಂದು ಮಾತಿನ ಮೇಲೇ ಬದುಕಿದಳು.

ಆಮೇಲೆ ಬಂದಿದ್ದು ಜೀಪು.

ಅದೇ ದಿನ ಹೊಸಕೋಟೆಯಿಂದ ಗಂಡಿನ ಕಡೆಯವರೂ ಬಂದು ಜಗಲಿಯಲ್ಲಿ ಕೂತಿದ್ದರು. ಅವಳನ್ನು ಕೇಳಿ ಕರೆಸಿದ್ದಲ್ಲ. ಅವರೆಲ್ಲರ ಎದುರೇ ಸಂಜೀವಪ್ಪನ ಪ್ರೊಫೆಸರು ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಾಗದ ಬಿಚ್ಚಿದರು.

"ಐದನೇ ಸೀಸೆ, ಹನ್ನೆರಡು, ಹತ್ತೊಂಬತ್ತು... ಏಳು ದಿನಕ್ಕೊಂದು ಸಲ ಹಾಲಲ್ಲಿ ವಿಷಾನೇ ಮಾಯ! ಈ ಮಹಾನುಭಾವ ಅದರ ಮೇಲೆ ಹೊಸ ಸಿದ್ಧಾಂತ ಬರೆದಿದ್ದಾನೆ. ತಾರೀಖು ನೋಡಿದ್ರೆ ಎಲ್ಲಾ ಶುಕ್ರವಾರ. ಹಸುಗೆ ಪಂಚಾಂಗ ಗೊತ್ತೇನ್ರೀ? ಹೇಳಮ್ಮಾ, ನಲವತ್ತೆರಡು ದಿನಾನೂ ಇದೇ ಹಸು ಹಾಲೇ ತಾನೇ ಕೊಟ್ಟಿದ್ದು?"

ಅನುಸೂಯ ಅಪ್ಪನ ಕಡೆ ನೋಡಿದಳು. ನಿಜ ಹೇಳಿದರೆ? ಮದುವೆಯಾಗದ ಹುಡುಗಿ, ಪರಗಂಡಸಿಗಾಗಿ ಬೆಳಬೆಳಗ್ಗೆ ಹೋಟೆಲಿಗೆ ಓಡುತ್ತಿದ್ದಳೆಂದು ಜಗಲಿಯೆಲ್ಲ ಕೇಳಬೇಕು. ಅಪ್ಪ ಕೇಳಬೇಕು...

"ಹೌದು," ಎಂದಳು. "ಕಂದಿ ಹಾಲೇ."

ಸಂಜೀವಪ್ಪ ಒಮ್ಮೆ ಅವಳನ್ನು ನೋಡಿದ. ಜಗಲಿಯ ಮೇಲಿದ್ದವರನ್ನು ನೋಡಿದ.

"ತಪ್ಪು ನಂದೇ ಸಾರ್."

"ಅಂದ್ರೆ ನೀನೇ ಸುಳ್ಳು ಅಂಕಿ ಕಟ್ಟಿದೆಯಾ?"

ಅವನು ತಿರುಗಿ ಜೀಪು ಹತ್ತಿದ. ಜೀಪು ಹೋಯಿತು. ಅವನ ಓದೂ ಅದರೊಂದಿಗೆ ಹೋಯಿತು.

ನಾನೊಬ್ಬಳು ಸುಳ್ಳಿ... ಇನ್ನು ಅವನಿಗೆ ಮುಖ ತೋರಿಸುವುದು ಹೇಗೆ? ಹೊಸಕೋಟೆಯ ಸಂಬಂಧವನ್ನು ಅವಳು ಒಲ್ಲೆ ಎಂದಳು. ಕಾರಣ ಹೇಳಲಿಲ್ಲ. ಅಪ್ಪ ಮಾತು ಬಿಟ್ಟ. ಎರಡು ವರ್ಷ ಅವಳು ಅತ್ತಿದ್ದೆಲ್ಲ ಕಂದಿಯ ಕೊರಳಿಗೆ ಮಾತ್ರ ಗೊತ್ತು.

ಒಂದು ಮಧ್ಯಾಹ್ನ ಬಸ್ಸಿಗೆ ಕಾಯುತ್ತಿದ್ದವಳನ್ನು ಗಂಗಣ್ಣ ಮಾತಾಡಿಸಿದ. "ಈಗ ಹಾಲಿಗೆ ಬರಲ್ವಲ್ಲಮ್ಮ! ಆ ಕಾಲೇಜಯ್ಯ ಏನಾದ?"

"ನಿಮಗೆ... ಅವರು ಗೊತ್ತಾ?"

"ಗೊತ್ತಿಲ್ದೆ! ಜೀಪಲ್ಲಿ ಬಂದು, ನಿಮ್ಮನೆಗೆ ಹೋಗೋಕೆ ಮುಂಚೆ ಇಲ್ಲೇ ಟೀ ಕುಡಿದ್ರಲ್ಲ. ನಿಮ್ಮ ಸೀಸೆಗೆ ಶುಕ್ರವಾರ ನಮ್ಮ ಹಾಲೇ ಸ್ವಾಮಿ ಅಂದೆ. ಪಾಪ, ಬೆಳ್ಳಗಾಗ್ಬಿಟ್ಟ. ಪಕ್ಕಕ್ಕೆ ಕರ್ಕೊಂಡೋಗಿ ಕೈ ಮುಗಿದ, ಸಾಹೇಬ್ರಿಗೆ ಹೇಳ್ಬೇಡಣ್ಣ, ಹೆಣ್ಣುಮಗು ಹೆಸರು ಬರಬಾರದು ಅಂತ."

ಬಸ್ಸು ಬಂತು, ಹೋಯಿತು. ಅನುಸೂಯ ನಿಂತಲ್ಲೇ ನಿಂತಿದ್ದಳು.

ಅವನಿಗೆ ಗೊತ್ತಿತ್ತು! ಅವಳು ಬಾಯಿ ಬಿಡುವ ಮೊದಲೇ ಗೊತ್ತಿತ್ತು!

ಮನೆಗೆ ಹೋದವಳೇ ಅಪ್ಪನ ಕಾಲ ಬಳಿ ಕುಸಿದು ಎಲ್ಲವನ್ನೂ ಹೇಳಿದಳು. ಎರಡು ವರ್ಷದ ಮೇಲೆ ಅವನ ಬಾಯಿಂದ ಮಾತು ಬಂತು.

"ಅವತ್ತೇ ಹೇಳಿದ್ರೆ ನಾನು ಬೈತಿದ್ದೆ. ಅಷ್ಟೇ ತಾನೇ? ನನ್ನ ಬೈಗುಳಕ್ಕೆ ಹೆದರಿ ಒಬ್ಬನ ಓದು ಕಳೆದ್ಯಲ್ಲಮ್ಮಾ..."

ಪಿಳ್ಳಮ್ಮ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸೋಮವಾರ ಅಪ್ಪ ಮಗಳು ಇಬ್ಬರೂ ಆವತಿಯಲ್ಲಿ ಇಳಿದರು. ಸಂಜೀವಪ್ಪ ಅಣ್ಣನ ತೋಟದಲ್ಲಿ ಚಕ್ಕೋತ ಕೀಳುತ್ತಿದ್ದ. ಸೊರಗಿದ್ದ. ಅಪ್ಪಯ್ಯಣ್ಣ ತೋಟದ ಬಾಯಲ್ಲೇ ಮರದ ಕೆಳಗೆ ಉಳಿದ.

ಅವಳು ಒಂದು ಕಾಗದ ಚಾಚಿದಳು.

"ನಿಮ್ಮ ಪ್ರೊಫೆಸರಿಗೆ ಬರೆದಿದ್ದು. ಆರು ಶುಕ್ರವಾರ, ಗಂಗಣ್ಣನ ಹೋಟೆಲು, ನನ್ನ ಹೆಸರು, ಊರು... ಎಲ್ಲಾ ಇದೆ."

"ಇದನ್ನ ಕಳಿಸಬೇಡಿ ಅನುಸೂಯ. ಊರಲ್ಲಿ ಏನಂತಾರೆ?"

"ಇದು ನಕಲು. ಅಸಲು ಬೆಳಗ್ಗೇನೇ ಡಬ್ಬಿಗೆ ಹಾಕ್ಬಿಟ್ಟೆ. ಇಲ್ಲಿ ಬಂದು ಧೈರ್ಯ ಕಳ್ಕೊಂಡ್ರೆ ಅಂತ."

ಅವನು ಓದಿ ಮಡಿಸಿದ. "ಆ ಜಾಗಕ್ಕೆ ಬೇರೆ ಹುಡುಗ ಬಂದಾಯ್ತು. ಡಿಗ್ರಿ ಇನ್ನು ಬರುತ್ತೋ ಇಲ್ವೋ."

"ಗೊತ್ತು... ನಿಮಗೆ ಗೊತ್ತಿತ್ತಂತಲ್ಲ! ಒಂದು ಸಲ ಬಂದು ಬೈಬಾರದಿತ್ತಾ?"

"ಹೊಸಕೋಟೆಗೆ ಮದುವೆಯಾಗಿ ಹೋಗಿದ್ದೀರ ಅಂದ್ಕೊಂಡಿದ್ದೆ."

ಅವಳು ಖಾಲಿ ಕೊರಳನ್ನು ಮುಟ್ಟಿಕೊಂಡು ಇಲ್ಲವೆಂದು ತಲೆಯಾಡಿಸಿದಳು. ಇಬ್ಬರೂ ಅತ್ತರು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

"ಕಂದಿ ಹೇಗಿದ್ದಾಳೆ?" ಕೊನೆಗೆ ಅವನು ಕೇಳಿದ.

"ಮತ್ತೆ ಗಬ್ಬ. ಪುಡಿ ಮುಟ್ಟಿಸಿಲ್ಲ. ಎರಡು ವರ್ಷದಿಂದ ಉಣ್ಣೆ ಕೈಯಲ್ಲೇ ಕೀಳ್ತೀನಿ."

"ಒಂದೊಂದಾಗಿ?"

"ಒಂದೊಂದಾಗಿ. ನೀವು ಹೇಳಿದ್ರಲ್ಲ, ಹಾಲಲ್ಲಿ ಬಿಡುತ್ತೆ ಅಂತ. ಕರು ಕುಡಿಯೋ ಹಾಲು..."

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಆರು ದಿನ ಸುಳ್ಳು. ಉಳಿದ ಮೂವತ್ತಾರು?"

"ಅಷ್ಟೂ ನಿಜ. ಹಾಲೂ... ನಾನೂ."

"ನಂಗೆ ಅಷ್ಟು ಸಾಕು ಕಣೇ."

ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಅವಳ ಅಳು ಮತ್ತೆ ಉಕ್ಕಿತು. ಅವನು ಕೈ ಒರೆಸಿಕೊಂಡು ತೋಟದ ಬಾಯಿಗೆ ನಡೆದ.

"ಅಪ್ಪಯ್ಯಣ್ಣೋರೇ... ಎರಡು ವರ್ಷದ ಹಿಂದೇನೇ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

ಅಪ್ಪಯ್ಯಣ್ಣ ಟವೆಲಿನಿಂದ ಕಣ್ಣು ಒತ್ತಿಕೊಂಡು ಎದ್ದು ನಿಂತ.

"ಕೇಳಪ್ಪಾ. ಇವತ್ತು ಶುಕ್ರವಾರ ಅಲ್ಲ... ನಮ್ಮನೆ ಲಕ್ಷ್ಮೀನ ಕೊಡೋಕೆ ಅಡ್ಡಿ ಇಲ್ಲ."