ಒಡೆದ ರೊಟ್ಟಿಯ ಸೇಡು

“ದಿನಾ ಫೋನಿನಾಗ ‘ಉಂಡ್ಯಾ’ ಅಂತಿ. ಮತ್ತ ಒಡದ ರೊಟ್ಟಿ ಕಳಸ್ತಿ. ಎರಡ್ರಾಗ ಯಾವ್ದು ಖರೆ?”

ಮಾನ್ವಿಯ ರೊಟ್ಟಿ ಅಂಗಡಿಯ ಬಾಗಿಲಲ್ಲಿ ದುರುಗೇಶ ನಿಂತಿದ್ದ. ಮೌನೇಶ್ವರಿಯ ಮುಖ ಕಾದ ಹಂಚಿನಂತಿತ್ತು.

“ನಿನ್ ಕೂಡ ಮಾತಾಡಿ ವರ್ಷ ಆತು. ಕನಸ ಬಿದ್ದಿರಬೇಕು.”

ಮದುವೆಯಾಗಬೇಕೆಂದಿದ್ದ ಇಬ್ಬರೂ ಸೇರಿ ಕಟ್ಟಿದ ಅಂಗಡಿ ಅದು. ಪ್ರಾರಂಭದ ಪೂಜೆಗೆ ಊರೆಲ್ಲ ಬಂದಿತ್ತು, ಗಬ್ಬೂರಿನಿಂದ ಬರಬೇಕಾಗಿದ್ದ ಅವನೊಬ್ಬ ಬರಲಿಲ್ಲ. ಆಮೇಲೆ ದೇವದುರ್ಗದಲ್ಲಿ ಸ್ವಂತ ಖಾನಾವಳಿಯನ್ನೇ ತೆರೆದ. ಅದಕ್ಕೆ ರೊಟ್ಟಿ ಮಾತ್ರ ಇವಳಿಂದಲೇ ತರಿಸುತ್ತಿದ್ದ.

‘ತಾಳು ಮಗನೇ...’ ಎಂದುಕೊಂಡಿದ್ದಳು.

ಅಂಗಡಿಯ ಫೋನು ಎತ್ತುತ್ತಿದ್ದುದು ಎಐ. ರಾಯಚೂರಿನ ತರಬೇತಿಯಲ್ಲಿ ಕಲಿತು ಬಂದು, ತನ್ನ ಹಳೆಯ ಫೋನ್ ರೆಕಾರ್ಡಿಂಗ್‌ಗಳನ್ನೆಲ್ಲ ಕೇಳಿಸಿ, ತನ್ನದೇ ದನಿಯಲ್ಲಿ ಆರ್ಡರ್ ಹಿಡಿಯುವಂತೆ ಅದನ್ನು ಪಳಗಿಸಿದ್ದಳು. ಅದಕ್ಕೊಂದು ಕಟ್ಟಪ್ಪಣೆ: ದುರುಗೇಶನ ನಂಬರು ಬಂದರೆ ಒಡೆದ ರೊಟ್ಟಿ, ಬೆಂಕಿಯಂಥ ಕೆಂಪು ಚಟ್ನಿ. ಅವನ ಖಾನಾವಳಿ ಮುಳುಗಲಿ!

ಮುಳುಗಲಿಲ್ಲ. ಆ ಚಟ್ನಿಗಾಗಿಯೇ ಜನ ಬಸ್ಸು ಹತ್ತಿ ಬರತೊಡಗಿದರು. ಪಕೀರಪ್ಪನೆಂಬ ಹಿರಿಯ ಅದನ್ನುಂಡು ಕುಡಿದ ನೀರಿಗೆ ಕೃಷ್ಣೆ ಒಂದು ಗೇಣು ಇಳಿದಳಂತೆ. ಅಳೆದವರಿಲ್ಲ, ಅಲ್ಲಗಳೆದವರೂ ಇಲ್ಲ.

“ಕನಸಾ? ಕೇಳ ಇಲ್ಲೆ.” ದುರುಗೇಶ ನಿಂತಲ್ಲೇ ಫೋನ್ ಹಚ್ಚಿ ಸ್ಪೀಕರ್ ಒತ್ತಿದ.

“ಒಡದ ರೊಟ್ಟಿ ಅಷ್ಟ ಅದಾವ. ಬೇಕಂದ್ರ ತಗೋ,” ಎಂದಿತು ಮೌನೇಶ್ವರಿಯ ದನಿ. ಮೌನೇಶ್ವರಿಯ ಬಾಯಿ ಮುಚ್ಚಿಯೇ ಇತ್ತು. “ಅದಿರ್ಲಿ... ಉಂಡ್ಯಾ ದುರುಗ್ಯಾ?”

ಅವನು ಅವಳ ತುಟಿಯನ್ನೇ ನೋಡಿದ. “ಇದು... ನೀ ಅಲ್ಲೇನು?”

“ಅದು ಎಐ.”

ಅವಳ ಕಿವಿ ಕೆಂಪಾಯಿತು. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಮುಕ್ಕಾಲು ಪಾಲು ಇವನ ಕೂಡ ಆಡಿದ ಮಾತೇ. ಸೇಡಿನ ಮಾತು ಹೇಳಿಕೊಟ್ಟಿದ್ದಳು, ಹಳೆಯ ಚಾಳಿ ಬಿಡಿಸುವುದನ್ನು ಮರೆತಿದ್ದಳು.

“ಯಾವತ್ತಿಂದ ಅದ ಇದು?”

“ಪೂಜಿ ದಿನದಿಂದ. ನಿನಗ ತೋರ್ಸಿ ಬೆರಗ ಮಾಡಬೇಕಂತ...”

ದುರುಗೇಶ ಸ್ಟೂಲು ಎಳೆದುಕೊಂಡು ಕುಳಿತ. “ಅವತ್ತ ಕುರ್ಡಿ ತನಕ ಬಂದಿದ್ದೆ. ಬಸ್ಸಿನಾಗಿಂದ ಫೋನ್ ಹಚ್ಚಿದ್ರ ‘ಇವತ್ತ ಯಾರೂ ಬರಬ್ಯಾಡ್ರಿ’ ಅಂತು ನಿನ್ ದನಿ. ಇಳದು ತಿರುಗಿ ಹೋದೆ.”

ಅಯ್ಯೋ... ಪೂಜೆಯ ದಿನ ವ್ಯಾಪಾರವಿಲ್ಲವೆಂದು ಗಿರಾಕಿಗಳಿಗೆ ಹೇಳಲು ಅವಳೇ ಕಲಿಸಿದ ಮಾತು!

“ಒಮ್ಮೆ ಬಂದು ಕೇಳಬಾರದಿತ್ತಾ?”

“ಸಿಟ್ಟು. ನಿನ್ ರೊಟ್ಟಿಲೇ ನಿನ್ನ ಸೋಲಸ್ಬೇಕಂತ ಖಾನಾವಳಿ ತಗದೆ. ಮೊದಲ ಆರ್ಡರಿಗೇ ‘ಉಂಡ್ಯಾ’ ಅಂದ್ಬಿಟ್ಟಿ. ಆಮ್ಯಾಲ ರೊಟ್ಟಿ ಇದ್ರೂ ಫೋನ್ ಹಚ್ತಿದ್ದೆ.”

“ಹಂಗಾದ್ರ ಆ ಮಷೀನಿಗೇ ತಾಳಿ ಕಟ್ಟು.”

“ಅದಕ್ಕ ರೊಟ್ಟಿ ಬಡಿಯಾಕ ಬರಂಗಿಲ್ಲಲ್ಲ.”

ಮೌನೇಶ್ವರಿ ಅಂಗಡಿಯ ಫೋನು ಆಫ್ ಮಾಡಿದಳು. ವರ್ಷದಿಂದ ಎಐ ಆಡುತ್ತಿದ್ದ ಮಾತು ಕೊನೆಗೂ ಅವಳ ಬಾಯಿಂದಲೇ ಬಂತು.

“ಉಂಡ್ಯಾ ದುರುಗ್ಯಾ?”

“ಇಲ್ಲ.”

ತಾಟಿಗೆ ಒಡೆದ ರೊಟ್ಟಿ ಬಿತ್ತು, ಮೇಲೆ ಎರಡು ಚಮಚ ಬೆಂಕಿ ಚಟ್ನಿ.

“ಸೇಡು ಇನ್ನೂ ಮುಗದಿಲ್ಲೇನು?”

“ಇಲ್ಲ.”

“ಎಷ್ಟ ದಿನ ತೀರಿಸ್ತಿ?”

“ನೀ ಎಷ್ಟ ದಿನ ಉಣ್ತಿ?”

ಅವನು ಒಂದು ತುತ್ತು ಚಟ್ನಿಗೆ ಅದ್ದಿ ಅವಳ ಬಾಯಿಯ ಹತ್ತಿರ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು. ಚಟ್ನಿ ಇನ್ನೂ ಅವನ ನಾಲಿಗೆಗೆ ಮುಟ್ಟಿರಲಿಲ್ಲ.

“ಸಾಯೋತನಕ.”

“ಹಂಗಾದ್ರ ಅಲ್ಲೀತನಕ,” ಎಂದು ಅವಳು ಬಾಯಿ ತೆರೆದಳು.